ಸೆರಗಿನ ಹಿಂದಿನ ಹಾಡು

ತುಂಗಭದ್ರೆಯ ದಂಡೆಯಲ್ಲಿ, ಹರಿಗೋಲು ಹತ್ತುವ ಜಾಗಕ್ಕೆ ತಾಗಿದಂತೆ, ಮಾನಪ್ಪ ಗುರುಗಳ ಮನೆ ಇತ್ತು. ಊರಿನವರು ಅದನ್ನು ಆಶ್ರಮ ಎನ್ನುತ್ತಿದ್ದರು.

ಅಲ್ಲಿ ಜಪವೂ ಇರಲಿಲ್ಲ, ತಪವೂ ಇರಲಿಲ್ಲ. ಬಣ್ಣದ ಡಬ್ಬಿಗಳಿದ್ದವು, ಕುಂಚಗಳಿದ್ದವು. ಆದರೂ ಆಶ್ರಮ ಎನ್ನಲು ಕಾರಣವಿತ್ತು. ಕಲಿಯಲು ಬಂದವರು ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದರು. ಮತ್ತೆ, ಗುರುಗಳು ಯಾವ ಪ್ರಶ್ನೆಗೂ ನೇರವಾಗಿ ಉತ್ತರ ಕೊಡುತ್ತಿರಲಿಲ್ಲ.

ಅಲ್ಲಿ ಕಲಿಸುತ್ತಿದ್ದದ್ದು ಕ್ಯಾಸೆಟ್ಟಿನ ಮುಖಚಿತ್ರ ಬರೆಯುವ ವಿದ್ಯೆ. ಹಾಡುಗಳೆಲ್ಲ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದ ಕಾಲ ಅದು. ಅಂಗೈಯಗಲದ ಡಬ್ಬಿ, ಅದರ ಮೇಲೊಂದು ಚಿತ್ರ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಳ್ಳುವವನಿಗೆ ಬಸ್ಸಿನ ಅವಸರ. ಒಳಗಿನ ಹಾಡನ್ನು ಅವನು ಕೇಳಿರುವುದಿಲ್ಲ, ಚಿತ್ರವನ್ನಷ್ಟೇ ನೋಡುತ್ತಾನೆ. ಹಾಗಾಗಿ ಹಾಡು ಎಂಥದ್ದು, ಹಾಡುವವರು ಎಂಥವರು ಎಂಬ ಎರಡನ್ನೂ ಆ ಚಿತ್ರವೇ ಹೇಳಬೇಕು.

ಕೇಸರಿ ಬಣ್ಣ, ತಲೆಯ ಹಿಂದೆ ಪ್ರಭೆ ಇದ್ದರೆ ಭಕ್ತಿಗೀತೆ. ಮುಳುಗುವ ಸೂರ್ಯ, ಒಂಟಿ ಮರ ಇದ್ದರೆ ಭಾವಗೀತೆ. ಹಳದಿ ಅಕ್ಷರ, ಓರೆ ಮೀಸೆ ಇದ್ದರೆ ಹಾಸ್ಯ. ಇದನ್ನು ಯಾರೂ ಕೂತು ನಿಯಮ ಮಾಡಿದ್ದಲ್ಲ. ಆದರೂ ಕೊಳ್ಳುವವರಿಗೆಲ್ಲ ಗೊತ್ತಿತ್ತು.

ಗುರುಗಳ ಬಳಿ ಒಂದು ಪದ್ಧತಿ ಇತ್ತು. ದೊಡ್ಡ ಹಾಳೆಯಲ್ಲಿ ಚಿತ್ರ ಬರೆದು ಮುಗಿಸಿದ ಮೇಲೆ, ಅದಕ್ಕೆ ಕ್ಯಾಸೆಟ್ಟಿನ ಹೆಸರು ಬರೆಯುವ ಮೊದಲು, ಒಂದೂ ಅಕ್ಷರವಿಲ್ಲದೆ, ದಂಡೆಯ ಬೇವಿನ ಮರಕ್ಕೆ ತೂಗುಹಾಕಬೇಕು. ಹರಿಗೋಲಿಗೆ ಕಾಯುವ ಜನ ಅದನ್ನು ನೋಡುತ್ತಾರೆ. ಅವರನ್ನು ‘ಚಂದ ಐತೇನು?’ ಎಂದು ಕೇಳಬಾರದು. ‘ಒಳಗ ಏನ್ ಕೇಳಸ್ತೈತಿ?’ ಎಂದು ಕೇಳಬೇಕು. ಅವರು ತಮಗೆ ತೋಚಿದ್ದನ್ನು ಗುನುಗುತ್ತಾರೆ. ಅವರು ಗುನುಗಿದ್ದೂ ಒಳಗಿನ ಹಾಡೂ ಒಂದೇ ಆದರೆ ಚಿತ್ರ ಗೆದ್ದಂತೆ.

ಕಸ್ತೂರಿ ಎಂಬ ಶಿಷ್ಯೆಯ ಕಲಿಕೆ ಮುಗಿಯುತ್ತ ಬಂದಿತ್ತು. ಅವಳ ಕೈ ಚುರುಕು, ಧೈರ್ಯವೂ ಹೆಚ್ಚು. ಇಷ್ಟು ದಿನ ಅವಳು ಗುರುಗಳ ಚಿತ್ರಗಳಿಗೆ ಬಣ್ಣ ತುಂಬಿದ್ದಳು. ಈಗ ಪೂರ್ತಿ ತನ್ನದೇ ಆದ ಒಂದು ಚಿತ್ರ ಬರೆಯಬೇಕಿತ್ತು. ಗುರುಗಳು ಒಪ್ಪಿದರೆ ಮೂಲೆಯಲ್ಲಿ ಸಣ್ಣದಾಗಿ ತನ್ನ ಹೆಸರು ಬರೆದುಕೊಳ್ಳಬಹುದು. ಹಾಗೆ ಹೆಸರು ಬರೆದವರು ಅಲ್ಲಿಂದ ಹೊರಟು ಸ್ವಂತ ಕೆಲಸ ಹಿಡಿಯಬಹುದು. ಒಪ್ಪದಿದ್ದರೆ ಮತ್ತೆ ಬಣ್ಣ ತುಂಬುವ ಕೆಲಸವೇ.

“ಯಾರ ಕ್ಯಾಸೆಟ್ಟ್ರಿ, ಗುರುಗಳ?” ಎಂದು ಕೇಳಿದಳು.

“ಫಕೀರವ್ವಂದು. ಹುಣ್ಣಿಮಿಗೆ ಅಚ್ಚಿಗೆ ಹೋಗಬೇಕು.”

ಫಕೀರವ್ವ ನದಿಯ ಆಚೆ ದಡದವಳು. ಮದುವೆಗಳಲ್ಲಿ ಬೀಗರ ಹಾಡು ಹಾಡುವವಳು. ಹೆಣ್ಣಿನ ಕಡೆಯವರಿಗೆ ಗಂಡಿನ ಕಡೆಯವರು ಬೀಗರು. ಅವರು ಊಟಕ್ಕೆ ಕೂತಾಗ ಅವರನ್ನು ಹಾಡಿನಲ್ಲೇ ಛೇಡಿಸಬೇಕು, ಅವರು ಸಿಟ್ಟಾಗದೆ ನಗಬೇಕು. ಅದು ಮದುವೆಯ ಸಂಪ್ರದಾಯ. ಫಕೀರವ್ವ ಹರೆಯದಿಂದಲೂ ಹಾಡುತ್ತಿದ್ದಳು. ಇದು ಅವಳ ಮೊದಲ ಕ್ಯಾಸೆಟ್ಟು.

ಫಕೀರವ್ವ ಬಂದು ಜಗುಲಿಯ ಮೇಲೆ ಕೂತಳು. ಕಸ್ತೂರಿ ಪೆನ್ಸಿಲು ಹಿಡಿದು ಎದುರಿಗೆ ಕೂತಳು.

“ನಿಮ್ಮನ್ನ ಹೆಂಗ ತೋರಸ್ಲಿ, ದೊಡ್ಡವ್ವ?”

“ರೇಷ್ಮಿ ಸೀರಿ ಉಡಸವ್ವ. ಕೈಯಾಗ ವೀಣಿ ಕೊಡು. ತಲಿ ಹಿಂದ ಬೆಳಕು ಇರಲಿ.”

“ವೀಣೆ ಬಾರ್ಸತೀರೇನು?”

“ವೀಣಿ ಬಾರಸೋದು ಒತ್ತಟ್ಟಿಗಿರಲಿ, ಮುಟ್ಟೇ ನೋಡಿಲ್ಲ.”

“ಮತ್ಯಾಕ?”

ಫಕೀರವ್ವ ನದಿಯ ಕಡೆ ನೋಡಿದಳು. “ನಾ ಹಾಡಿದ್ರ ಮಂದಿ ಬಿದ್ದು ಬಿದ್ದು ನಗತಾರ. ಊಟಕ್ಕ ಕೂಡೋ ಹೊತ್ತಿಗೆ ಮಾತ್ರ ಕಡೀ ಸಾಲಿಗೆ ಹೋಗು ಅಂತಾರ. ಇದೊಂದರಾಗಾದ್ರೂ ಮುಂದ ಕುಂಡರಸು.”

ಆ ಮಾತು ಕಸ್ತೂರಿಗೆ ನಾಟಿತು. ‘ಕುಂಡರಸ್ತೀನಿ’ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಗುರುಗಳು ಒಳಗಿನಿಂದ ಕೇಳಿದರು: “ತಂಗಿ, ಆಕಿ ಹಾಡು ಕೇಳೀಯೇನು?”

“ಕೇಳೀನ್ರಿ. ಟೇಪು ಪೂರ್ತಿ ಕೇಳೀನಿ.”

“ನೋಡೀಯೇನು?”

“ಹಾಡನ್ನ ನೋಡೋದೇನ್ರಿ?”

ಗುರುಗಳು ಕುಂಚ ತೊಳೆಯಲು ನದಿಗೆ ಹೋದರು.

ಕಸ್ತೂರಿ ಮನಸ್ಸಿಟ್ಟು ಬರೆದಳು. ಬಿಳಿ ರೇಷ್ಮೆ ಸೀರೆ, ಮಡಿಲಲ್ಲಿ ವೀಣೆ, ಮುಚ್ಚಿದ ಕಣ್ಣು, ಪಕ್ಕದಲ್ಲಿ ಉರಿಯುವ ದೀಪ, ಹಿಂದೆ ಕೇಸರಿ ಪ್ರಭೆ. ಅಂಥ ಚಿತ್ರ ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಅವಳಿಗೇ ಅದು ಗೊತ್ತಾಗುತ್ತಿತ್ತು.

ಬೆಳಿಗ್ಗೆ ಚಿತ್ರವನ್ನು ಬೇವಿನ ಮರಕ್ಕೆ ತೂಗುಹಾಕಿದಳು.

ಸಂತೆಗೆ ಹೊರಟಿದ್ದ ಒಬ್ಬ ಮುದುಕ ಅದನ್ನು ನೋಡಿ ಚಪ್ಪಲಿ ಬಿಟ್ಟ. ಅವನ ಜೊತೆಗಿದ್ದ ಹೆಂಗಸು ತಲೆಯ ಮೇಲಿನ ಬುಟ್ಟಿ ಇಳಿಸಿ ಕೈಮುಗಿದಳು.

“ಒಳಗ ಏನ್ ಕೇಳಸ್ತೈತಿ?” ಎಂದು ಕಸ್ತೂರಿ ಕೇಳಿದಳು.

ಹೆಂಗಸು ಕಣ್ಣುಮುಚ್ಚಿ ಒಂದು ಭಜನೆ ಗುನುಗಿದಳು. ಮುದುಕ ಅದಕ್ಕೆ ಮೆಲ್ಲಗೆ ತಾಳ ಹಾಕಿದ.

ಕಸ್ತೂರಿ ಹಿಗ್ಗಿದಳು. ‘ನೋಡ್ರಿ, ಹೆಂಗ ಗೌರವ ಕೊಟ್ರು’ ಎನ್ನುವ ಹಾಗೆ ಗುರುಗಳ ಕಡೆ ತಿರುಗಿದಳು.

ಗುರುಗಳು ಟೇಪ್ ರೆಕಾರ್ಡರ್ ತಂದು ಜಗುಲಿಯ ಮೇಲಿಟ್ಟು, ಗುಂಡಿ ಒತ್ತಿದರು. ಫಕೀರವ್ವನ ಕಂಚಿನಂಥ ದನಿ ದಂಡೆಯ ತುಂಬ ಹರಡಿತು.

ಬೀಗಪ್ಪ ಬಂದಾನ ಬಿಳಿ ರುಮಾಲು ಸುತ್ತಿ,
ರುಮಾಲಿನ ಮಡಿಕ್ಯಾಗ ಹೋಳಿಗಿ ಬುತ್ತಿ!

ಬೀಗರು ಹೋಳಿಗೆ ಕದ್ದು ರುಮಾಲಿನಲ್ಲಿ ಅಡಗಿಸಿಕೊಂಡಿದ್ದಾರೆ ಎಂದು ಛೇಡಿಸುವ ಹಾಡು. ಮದುವೆಯ ಚಪ್ಪರದಲ್ಲಾದರೆ ಈ ಸಾಲಿಗೆ ಜನ ಎಲೆಯ ಮುಂದೆಯೇ ಹೊರಳಾಡಿ ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ.

ಹೆಂಗಸು ಮುಗಿದ ಕೈಯನ್ನು ತಟ್ಟನೆ ಇಳಿಸಿದಳು. ಅವಳ ಮುಖ ಕೆಂಪಾಯಿತು. “ಏನವ್ವ ಇದು? ದೇವರ ಪಟ ತೋರಿಸಿ ಬೀಗರ ಹಾಡು ಹಾಕತೀರಿ? ನಮ್ಮನ್ನ ಏನಂತ ತಿಳಕೊಂಡೀರಿ?”

“ಸುಮ್ನ ಚಪ್ಪಲಿ ಬಿಟ್ಟೆ ನೋಡು” ಎಂದು ಮುದುಕ ಗೊಣಗಿದ. ಇಬ್ಬರೂ ಹರಿಗೋಲಿನ ಕಡೆ ನಡೆದುಬಿಟ್ಟರು.

ಕಸ್ತೂರಿಗೆ ಅರ್ಥವಾಗಲಿಲ್ಲ. “ಹಾಡು ಚಲೋ ಐತಲ್ರಿ. ಯಾಕ ನಗಲಿಲ್ಲ?”

ಗುರುಗಳು ಟೇಪು ನಿಲ್ಲಿಸಿದರು. “ಮುಗಿದ ಕೈ ಚಪ್ಪಾಳಿ ಹೆಂಗ ತಟ್ಟಬೇಕು, ತಂಗಿ?”

ಆ ದಿನವೆಲ್ಲ ಕಸ್ತೂರಿ ಆ ಮಾತನ್ನೇ ತಿರುವಿ ಹಾಕಿದಳು. ಕೊನೆಗೆ ಅವಳಿಗೆ ಹೀಗೆ ಹೊಳೆಯಿತು. ಈ ಚಿತ್ರ ನೋಡಿದರೆ ನಗಬೇಕೆನ್ನುವವರು ಅಂಗಡಿಯ ಮುಂದೆ ನಿಲ್ಲದೆ ಹೋಗುತ್ತಾರೆ. ಕೈಮುಗಿಯುವವರು ಕೊಂಡುಹೋಗಿ ಮನೆಯಲ್ಲಿ ಬೈಯುತ್ತಾರೆ. ಬೈಗುಳವೆಲ್ಲ ಫಕೀರವ್ವನಿಗೆ.

“ತಿಳೀತ್ರಿ ಗುರುಗಳ” ಎಂದಳು. “ನಗೋ ಹಾಡಿಗೆ ನಗೋ ಚಿತ್ರ.”

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಎರಡನೆಯ ಚಿತ್ರ ಬೇಗ ಮುಗಿಯಿತು. ಹಳದಿ ಹಿನ್ನೆಲೆ. ಕಿವಿಯಿಂದ ಕಿವಿಯವರೆಗೆ ಬಾಯಿ ತೆರೆದ ಫಕೀರವ್ವ. ಗುಡ್ಡೆ ಹೊರಬಂದ ಕಣ್ಣು. ಪಕ್ಕದಲ್ಲಿ ಗಡಿಗೆ ಹೊಟ್ಟೆಯ ಬೀಗಪ್ಪ, ಅವನ ರುಮಾಲಿನಿಂದ ಇಣುಕುವ ಹೋಳಿಗೆ.

ಮರಕ್ಕೆ ಕಟ್ಟಿದ್ದೇ ತಡ, ಜನ ನಕ್ಕರು. ಹರಿಗೋಲು ನಡೆಸುವವನು ಹುಟ್ಟು ಕೆಳಗಿಟ್ಟು ನಕ್ಕ.

“ಒಳಗ ಏನ್ ಕೇಳಸ್ತೈತಿ?”

“ಇನ್ನೇನು, ಬೀಗರ ಹಾಡು!” ಎಂದು ಒಬ್ಬ ಅಂದ. ಇನ್ನೊಬ್ಬ ತನ್ನ ಊರಿನ ಬೀಗರ ಹಾಡನ್ನೇ ಶುರುಮಾಡಿದ.

ಕಸ್ತೂರಿ ಗೆದ್ದಿದ್ದಳು. ಜನ ಗುನುಗಿದ್ದೂ ಒಳಗಿನ ಹಾಡೂ ಒಂದೇ ಆಗಿತ್ತು. ಆಗಲೇ ಸಣ್ಣ ಕುಂಚ ತೆಗೆದು, ಮೂಲೆಯಲ್ಲಿ ತನ್ನ ಹೆಸರು ಎಷ್ಟು ಜಾಗ ಹಿಡಿದೀತು ಎಂದು ನೋಡುತ್ತಿದ್ದಳು.

ಅಷ್ಟರಲ್ಲಿ ಹರಿಗೋಲಿನಿಂದ ಫಕೀರವ್ವ ಇಳಿದಳು. ತನ್ನ ಚಿತ್ರ ನೋಡಬೇಕೆಂದು ಬಂದಿದ್ದಳು. ತಲೆ ಬಾಚಿ, ಕುಂಕುಮ ಇಟ್ಟುಕೊಂಡು, ಮದುವೆಗೆ ಹೋಗುವಾಗ ಉಡುವ ಇಳಕಲ್ ಸೀರೆ ಉಟ್ಟು ಬಂದಿದ್ದಳು.

ಮರದ ಕೆಳಗೆ ನಿಂತು ಚಿತ್ರ ನೋಡಿದಳು. ಸುತ್ತಲಿನವರು ಅವಳನ್ನೂ ಚಿತ್ರವನ್ನೂ ನೋಡಿ ನೋಡಿ ಇನ್ನಷ್ಟು ನಕ್ಕರು.

“ಹೆಂಗ ಅನಸ್ತು, ದೊಡ್ಡವ್ವ?”

ಫಕೀರವ್ವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಕಸ್ತೂರಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳು ಮೆಲ್ಲಗೆ ಹೇಳಿದಳು: “ಹರೇದಾಗಿಂದ ಹಾಡೀನಿ ಮಗಳ. ಎಷ್ಟು ಮಂದಿ ನಕ್ಕಾರ. ಆದರ ನನ್ನ ಮಾರಿ ನೋಡಿ ಯಾರೂ ನಕ್ಕಿದ್ದಿಲ್ಲ.”

ಕಸ್ತೂರಿ ಕೈಯಲ್ಲಿದ್ದ ಸಣ್ಣ ಕುಂಚವನ್ನು ಕೆಳಗಿಟ್ಟಳು.

“ಬಿಡು. ಕ್ಯಾಸೆಟ್ಟು ಬ್ಯಾಡ. ಚಪ್ಪರದಾಗ ಹಾಡತಿದ್ದೆ, ಅಲ್ಲೇ ಹಾಡಿಕೋತ ಇರತೀನಿ. ಮಾನಪ್ಪಣ್ಣಗ ಹೇಳು.”

ಹರಿಗೋಲು ಆಗಲೇ ಆಚೆ ದಡಕ್ಕೆ ಹೊರಟಿತ್ತು. ಅದು ತಿರುಗಿ ಬರುವವರೆಗೆ ಕಾಯಬೇಕೆಂದು ಫಕೀರವ್ವ ಮರಳಿನ ಮೇಲೆ, ಎಲ್ಲರಿಂದ ದೂರ, ಒಬ್ಬಳೇ ಹೋಗಿ ಕೂತಳು.

ಕಸ್ತೂರಿ ಚಿತ್ರ ಕಿತ್ತುಕೊಂಡು ಒಳಗೆ ಓಡಿದಳು.

“ಗುರುಗಳ, ಆಕಿ ಕ್ಯಾಸೆಟ್ಟೇ ಬ್ಯಾಡ ಅಂತಾಳ! ಮೊದಲನೇದು ಆಕಿಗೆ ಮರ್ಯಾದಿ ಕೊಟ್ಟು ಹಾಡು ಕೊಂದಿತು. ಎರಡನೇದು ಹಾಡು ಉಳಿಸಿ ಆಕಿ ಮರ್ಯಾದಿ ಕಳೀತು. ಇವೆರಡರಾಗ ಯಾವುದನ್ನ ಬಿಡ್ಲಿ, ಯಾವುದನ್ನ ಹಿಡೀಲಿ?”

ಗುರುಗಳ ತಲೆಯ ಮೇಲೆ ಯಾವಾಗಲೂ ಒಂದು ಬಿಳಿ ರುಮಾಲು ಇರುತ್ತಿತ್ತು. ಅದನ್ನು ಅವರು ಯಾರ ಮುಂದೆಯೂ ತೆಗೆದವರಲ್ಲ. ಈಗ ಅದನ್ನು ತೆಗೆದು ಕಸ್ತೂರಿಯ ತಲೆಗೆ ಸುತ್ತತೊಡಗಿದರು. ಸುತ್ತಿದ್ದು ಸರಿಯಾಗಲಿಲ್ಲ. ಒಂದು ಕಿವಿ ಮುಚ್ಚಿತು, ಒಂದು ತೆರೆದಿತ್ತು.

“ಇದೇನ್ರಿ ಗುರುಗಳ?”

“ಹೋಗು. ಬೀಗರಾಗಿ ಕೂಡು.”

“ಮಂದಿ ನೋಡತಾರ್ರಿ!”

“ನೋಡಲಿ.”

ಕಸ್ತೂರಿಗೆ ನಾಚಿಕೆಯಾಯಿತು. ಆದರೆ ಗುರುಗಳ ಮಾತು ಮೀರುವ ಹಾಗಿರಲಿಲ್ಲ. ಓರೆ ರುಮಾಲಿನಲ್ಲೇ ಮರಳಿನ ಮೇಲೆ ನಡೆದುಹೋಗಿ, ಫಕೀರವ್ವನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

“ದೊಡ್ಡವ್ವ, ನಾ ಬೀಗರ ಕಡೆಯಾಕಿ. ಊಟಕ್ಕ ಕುಂತೀನಿ.”

ಫಕೀರವ್ವ ತಿರುಗಿ ನೋಡಿದಳು. ಮೊದಲು ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಅವಳು ರುಮಾಲು ನೋಡಿದಳು.

ಅವಳು ಹಾಡಲಿಲ್ಲ. ಮೊದಲು ಇಳಕಲ್ ಸೀರೆಯ ಕೆಂಪು ಸೆರಗನ್ನು ಎಳೆದು ಬಾಯಿಗೆ ಅಡ್ಡ ಹಿಡಿದಳು. ಈಗ ಅವಳ ಮುಖದಲ್ಲಿ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣು ಕಸ್ತೂರಿಯ ಕಾಲಿನ ಬೆರಳಿನಿಂದ ಹೊರಟಿತು. ಅವಸರವಿಲ್ಲದೆ ಮೇಲೇರಿತು. ಮಂಡಿಯ ಮೇಲೆ ನಿಂತಿತು. ಬಣ್ಣ ಹತ್ತಿದ ಬೆರಳುಗಳ ಮೇಲೆ ಸ್ವಲ್ಪ ಹೊತ್ತು ಕೂತಿತು. ಆಮೇಲೆ ರುಮಾಲಿಗೆ ಬಂತು.

ಕಸ್ತೂರಿಯ ಕೈ ತಾನಾಗಿಯೇ ರುಮಾಲಿಗೆ ಹೋಯಿತು. ಅದನ್ನು ಸರಿಮಾಡಿಕೊಂಡಳು. ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ‘ಇಕಿ ನನ್ನೊಳಗ ಏನ್ ಹಿಡದಾಳೋ’ ಎಂದು ಅಳುಕಿದಳು. ಅದರ ಜೊತೆಗೇ ಹೊಟ್ಟೆಯೊಳಗಿಂದ ನಗು ಏಳತೊಡಗಿತು. ಹಾಡಿನ ಒಂದು ಅಕ್ಷರವೂ ಇನ್ನೂ ಹೊರಗೆ ಬಂದಿರಲಿಲ್ಲ.

ದಂಡೆಯ ಜನ ಹತ್ತಿರ ಬಂದು ಸುತ್ತ ನಿಂತರು.

ಆಗ ಸೆರಗು ಸರಿಯಿತು.

ಬೀಗತಿ ಬಂದಾಳ ಬೆರಳಿಗೆಲ್ಲ ಬಣ್ಣ,
ಅನ್ನಂತ ಉಂಡಾಳ ಗ್ವಾಡಿಯ ಸುಣ್ಣ!

ದಂಡೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕಸ್ತೂರಿ ನಕ್ಕಳು. ಅನ್ನವೆಂದು ಗೋಡೆಯ ಸುಣ್ಣ ಉಂಡವಳು ಅವಳೇ ಆದರೂ, ಅವಳಿಗೆ ಅವಮಾನ ಎನಿಸಲಿಲ್ಲ. ಸುತ್ತ ನಿಂತವರಲ್ಲಿ ಒಬ್ಬರೂ ಫಕೀರವ್ವನನ್ನು ನೋಡಿ ನಗುತ್ತಿರಲಿಲ್ಲ. ಅವಳ ಕಣ್ಣು ಈಗ ಯಾರ ಕಡೆ ತಿರುಗೀತು ಎಂದು ಹೆದರಿ, ಒಬ್ಬರ ಹಿಂದೆ ಒಬ್ಬರು ಸರಿಯುತ್ತ ನಗುತ್ತಿದ್ದರು.

ಕಸ್ತೂರಿ ಎದ್ದಳು. “ದೊಡ್ಡವ್ವ, ಇನ್ನೊಂದು ಚಿತ್ರ ಬರೀತೀನಿ, ನೋಡಾಕ ಬರ್ರಿ. ಒಂದ ಸಲ. ಅದೂ ಬ್ಯಾಡ ಅನಿಸಿದ್ರ ನಾನೇ ಹರದು ಹೊಳೀ ನೀರಾಗ ಬಿಡತೀನಿ.”

“ನೀ ಬಲು ಹಟಮಾರಿ ಬೀಗತಿ” ಎಂದಳು ಫಕೀರವ್ವ. ಬರುತ್ತೇನೆ ಎಂದು ಹೇಳಲಿಲ್ಲ.

ಮೂರನೆಯ ಚಿತ್ರದಲ್ಲಿ ವೀಣೆ ಇರಲಿಲ್ಲ, ಪ್ರಭೆ ಇರಲಿಲ್ಲ. ಹೋಳಿಗೆಯೂ ಇರಲಿಲ್ಲ, ಬೀಗಪ್ಪನೂ ಇರಲಿಲ್ಲ. ಇದ್ದದ್ದು ಒಂದು ಮುಖ, ಅಂಚಿನಿಂದ ಅಂಚಿನವರೆಗೆ. ಬಾಯಿಗೆ ಅಡ್ಡ ಹಿಡಿದ ಇಳಕಲ್ ಸೀರೆಯ ಕೆಂಪು ಸೆರಗು. ಸೆರಗಿನ ಮೇಲೆ ಎರಡು ಕಣ್ಣು. ಹಣೆಯ ಹಿಂದೆ ಚಪ್ಪರದ ಮಾವಿನೆಲೆಯ ಒಂದು ತುದಿ. ಇದು ಮದುವೆಯ ಮಾತು ಎಂದು ತಿಳಿಯಲು ಆ ಒಂದು ಎಲೆ ಸಾಕು ಎಂದು ಕಸ್ತೂರಿಗೆ ಅನಿಸಿತ್ತು.

ಆ ಕಣ್ಣುಗಳು ದೂರ ಎಲ್ಲೋ ನೋಡುತ್ತಿರಲಿಲ್ಲ. ಚಿತ್ರದ ಮುಂದೆ ನಿಂತವರನ್ನೇ ನೋಡುತ್ತಿದ್ದವು.

ಬೇವಿನ ಮರಕ್ಕೆ ಚಿತ್ರ ಏರಿತು. ಜನ ಬಂದರು.

“ಒಳಗ ಏನ್ ಕೇಳಸ್ತೈತಿ?” ಎಂದು ಕಸ್ತೂರಿ ಕೇಳಿದಳು.

ಯಾರೂ ಗುನುಗಲಿಲ್ಲ.

ಇಷ್ಟು ದಿನ ಆ ಮರದ ಕೆಳಗೆ ಯಾರಾದರೂ ಒಂದು ರಾಗ ಎಳೆದೇ ಎಳೆಯುತ್ತಿದ್ದರು. ಈ ಚಿತ್ರಕ್ಕೆ ದನಿಯೇ ಇಲ್ಲವೇ?

ಆಗ ಅವಳು ಜನರ ಬಾಯಿ ನೋಡುವುದನ್ನು ಬಿಟ್ಟು ಅವರ ಕೈ ನೋಡಿದಳು.

ಮೊನ್ನೆ ಚಪ್ಪಲಿ ಬಿಟ್ಟಿದ್ದ ಮುದುಕ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಬುಟ್ಟಿಯ ಹೆಂಗಸು ಕೆದರಿದ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು. ಹರಿಗೋಲಿನವನು ಟವೆಲ್ಲಿನಿಂದ ಮೀಸೆ ಒರೆಸಿಕೊಂಡ. ಅಲ್ಲಿ ಅವಲಕ್ಕಿಯ ಒಂದು ಚೂರು ಅಂಟಿತ್ತು.

“ಯಾಕಪ್ಪ, ಮೀಸಿ ಒರೆಸ್ಕೊಳಾಕತ್ತಿ?” ಎಂದು ಹೆಂಗಸು ಕೇಳಿದಳು.

“ಆಕಿ ನೋಡಾಕತ್ಯಾಳಲ್ಲ!”

ಅಷ್ಟೇ ಸಾಕಾಯಿತು. ನಗು ಒಬ್ಬರಿಂದ ಒಬ್ಬರಿಗೆ ಹತ್ತಿಕೊಂಡಿತು. “ಬಾಯಿ ಬಿಟ್ಟಳಂದ್ರ ಮುಗೀತು ನಮ್ಮ ಕತಿ” ಎಂದ ಮುದುಕ. “ಹಾಕ್ರಿ, ಹಾಕ್ರಿ, ಟೇಪು ಹಾಕ್ರಿ. ನಮಗ ಏನಂತಾಳೋ ಕೇಳೋಣು.”

ಕಸ್ತೂರಿ ಟೇಪು ಹಾಕಿದಳು. ಮೊನ್ನೆ ಇದೇ ಹೋಳಿಗೆಯ ಹಾಡಿಗೆ ಬೈದು ಹೋಗಿದ್ದವರು ಇಂದು ಹರಿಗೋಲು ಬಂದರೂ ಏಳಲಿಲ್ಲ.

ಆ ಹರಿಗೋಲಿನಲ್ಲಿ ಫಕೀರವ್ವ ಬಂದಿದ್ದಳು. ಜನ ಅವಳಿಗೆ ದಾರಿ ಬಿಟ್ಟರು. ಮರದ ಬುಡದಲ್ಲಿ ಕೂತಿದ್ದ ಮುದುಕ ಎದ್ದು, “ಮುಂದ ಬಾರವ್ವ, ಇಲ್ಲಿ ಕೂಡು” ಎಂದು ತನ್ನ ಜಾಗ ಬಿಟ್ಟುಕೊಟ್ಟ.

ಫಕೀರವ್ವ ಕೂಡಲಿಲ್ಲ. ಚಿತ್ರದ ಎದುರು ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಅವಳ ಕೈ ಅವಳಿಗೇ ಗೊತ್ತಿಲ್ಲದಂತೆ ಮೇಲೆದ್ದು, ಹಣೆಯ ಕುಂಕುಮ ನೆಟ್ಟಗಿದೆಯೇ ಎಂದು ಮುಟ್ಟಿ ನೋಡಿತು.

“ಯವ್ವಾ, ಹೆಂಗ ನೋಡತಾಳ ಇಕಿ ನನ್ನ!” ಎಂದಳು.

ಜನ ನಕ್ಕರು. ಅವಳೂ ನಕ್ಕಳು. ಆಮೇಲೆ ಕಸ್ತೂರಿಯ ಕಡೆ ತಿರುಗಿ ಹುಬ್ಬು ಗಂಟು ಹಾಕಿದಳು. “ಅದಿರಲಿ, ನನ್ನ ವೀಣಿ ಎಲ್ಲೈತಿ?”

“ಸೆರಗಿನ ಹಿಂದ ಐತ್ರಿ, ದೊಡ್ಡವ್ವ.”

ಫಕೀರವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಹುಣ್ಣಿಮಿಗೆ ಅಚ್ಚಿಗೆ ಕಳಸು” ಎಂದಳು.

ಇನ್ನು ಉಳಿದಿದ್ದದ್ದು ಗುರುಗಳ ಒಪ್ಪಿಗೆ. ಅವರು ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡು, ಇಷ್ಟು ಹೊತ್ತೂ ಜಗುಲಿಯ ಮೇಲೆಯೇ ಕೂತಿದ್ದರು. ಕಸ್ತೂರಿ ಚಿತ್ರವನ್ನು ಮರದಿಂದ ಇಳಿಸಿ ತಂದು ಅವರ ಎದುರಿನ ಗೋಡೆಗೆ ಒರಗಿಸಿದಳು. ಅವಳ ಕೈಯಲ್ಲಿ ಸಣ್ಣ ಕುಂಚವಿತ್ತು.

“ಗುರುಗಳ, ಮೂಲ್ಯಾಗ ನನ್ನ ಹೆಸರು ಬರೀಲ್ಯಾ?”

ಗುರುಗಳು ಅವಳ ಕಡೆ ನೋಡಲಿಲ್ಲ. ಚಿತ್ರವನ್ನೇ ನೋಡಿದರು. ಚಿತ್ರದ ಕಣ್ಣು ಅವರನ್ನು ನೋಡಿತು.

ಸ್ವಲ್ಪ ಹೊತ್ತಿನ ಮೇಲೆ ಗುರುಗಳು ಕೂತಲ್ಲೇ ಒಂದಿಷ್ಟು ಅಲುಗಾಡಿದರು. ಆಮೇಲೆ ಎರಡೂ ಕೈ ಮೇಲೆತ್ತಿ, ತಲೆಯ ಬಿಳಿ ರುಮಾಲನ್ನು ಮೆಲ್ಲಗೆ ಬಿಚ್ಚಿದರು. ಒಂದೊಂದೇ ಮಡಿಕೆ ಬಿಡಿಸಿ, ಚಿತ್ರದ ಮುಂದೆ ಹಿಡಿದು, ಚೆನ್ನಾಗಿ ಝಾಡಿಸಿ ತೋರಿಸಿದರು.

“ನೋಡಿಕೋ ತಾಯಿ, ನಾ ಏನೂ ಕದ್ದಿಲ್ಲ.”